ಹೊಡೆದುಹಾಕಿದ ಸಾಲು

"ಬಾಟಲು ಹೊರಗಿಟ್ಟು ಬನ್ನಿ. ಇದು ದೇವರ ಮನೆ."

ಶಿಡ್ಲಘಟ್ಟದ ಆ ಪುಟ್ಟ ಹೆಂಚಿನ ಕ್ರೈಸ್ತ ದೇವಾಲಯದಲ್ಲಿ ನವಮಣಿ ಅವನೊಂದಿಗೆ ಆಡಿದ ಮೊದಲ ಮಾತು ಅದು. 1968ರ ಸೆಪ್ಟೆಂಬರಿನ ಒಂದು ಶನಿವಾರ, ಮಧ್ಯಾಹ್ನ ಮೂರು ಗಂಟೆ. ಕಾಲಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ ಮುಂದೆ ಮಂಡಿಯೂರಿ ಕೂತಿದ್ದ ಹೊಸಬ ತಿರುಗಿ ನೋಡಿದ. ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದ್ದ. ಪಕ್ಕದ ಖಾಕಿ ಚೀಲದಿಂದ ಕಂದುಗೆಂಪು ಬಣ್ಣದ ಬಾಟಲೊಂದು ಕತ್ತು ಚಾಚಿಕೊಂಡಿತ್ತು.

ಅವನು ಬಾಟಲಿನ ಬಿರಡೆ ಕಿತ್ತು ಅವಳ ಕಡೆ ಹಿಡಿದ.

"ಮೂಸಿ ನೋಡಿ."

"ನನಗೇನೂ ಬೇಕಾಗಿಲ್ಲ."

"ಮೂಸಿದ್ರೆ ಪ್ರತಿಜ್ಞೆ ಮುರಿಯಲ್ಲ ಬಿಡಿ."

ಮದ್ಯ ಮುಟ್ಟುವುದಿಲ್ಲ ಎಂಬ ಪ್ರತಿಜ್ಞೆಯ ಹಲಗೆ ಅವನ ತಲೆಯ ಮೇಲೆಯೇ ತೂಗುತ್ತಿತ್ತು. ನವಮಣಿಯ ತಂದೆ, ಅಲ್ಲಿ ಆರಾಧನೆ ನಡೆಸುವ ಉಪದೇಶಿ ಬಯ್ಯಪ್ಪನವರು ಸ್ವಂತ ಕೈಯಿಂದ ಬರೆದು ಹಾಕಿದ್ದು. ಅವಳು ಸೆರಗನ್ನು ಮೂಗಿಗೆ ಅಡ್ಡ ಹಿಡಿದು ಬಗ್ಗಿದಳು. ಅರಗಿನ ವಾಸನೆ ಘಮ್ಮೆಂದು ಬಡಿಯಿತು.

"ವಾರ್ನಿಷು," ಎಂದ ಅವನು. "ಪೆಟ್ಟಿಗೆಗೆ ಹುಳ ಹಿಡಿದಿದೆ. ಈಗ ಬಳೀದೇ ಇದ್ರೆ ಕ್ರಿಸ್‌ಮಸ್‌ಗೆ ಇದರಲ್ಲಿ ಹಾಡು ಬರಲ್ಲ, ಬರೀ ಹುಳ ಬರುತ್ತೆ."

ನವಮಣಿಯ ಕಿವಿ ಬಿಸಿಯಾಯಿತು. ಮೂರನೇ ತರಗತಿಯ ನಲವತ್ತು ಮಕ್ಕಳನ್ನು ಒಂದು ಹುಬ್ಬಿನಲ್ಲಿ ಸುಮ್ಮನಿರಿಸುವ ಟೀಚರು ಅವಳು. ಈಗ ಆ ಹುಬ್ಬು ಎಲ್ಲಿಡಬೇಕೋ ತಿಳಿಯಲಿಲ್ಲ.

"ತಪ್ಪಾಯ್ತು," ಎಂದಳು.

"ಕುಡೀತೀರಾ ಅಂತ ಮಾತ್ರ ನೀವು ಕೇಳಲೇ ಇಲ್ಲ."

"ಕುಡೀತೀರಾ?"

"ವರ್ಷಕ್ಕೆ ನಾಲ್ಕೋ ಐದೋ ಸಲ. ಒಂದು ಲೋಟ ದ್ರಾಕ್ಷಾರಸ. ನಮ್ಮಪ್ಪ ಮನೇಲೇ ಮಾಡ್ತಾರೆ."

ಇಷ್ಟು ಸಲೀಸಾಗಿ ಯಾರೂ ಆ ಮಾತನ್ನು ಅವಳ ಮುಂದೆ ಆಡಿರಲಿಲ್ಲ. ಕುಡಿದವರು ಕುಡಿದಿಲ್ಲ ಎನ್ನುತ್ತಾರೆ, ಅದು ಅವಳಿಗೆ ಗೊತ್ತಿದ್ದ ಲೋಕ. ಅವಳು ಅವನ ಕಣ್ಣು ನೋಡಿದಳು. ತಿಳಿಯಾದ, ಸ್ವಲ್ಪ ತುಂಟತನದ ಕಣ್ಣು.

"ನಿಮ್ಮ ಹೆಸರು?"

"ತಿಮೊಥಿ. ರೇಷ್ಮೆ ಇಲಾಖೆಗೆ ಹೊಸದಾಗಿ ಬಂದಿದ್ದೀನಿ. ಬೆಂಗಳೂರು ದಂಡಿನವನು."

"ಹಾಗಾದ್ರೆ ಸತ್ಯವೇದದಲ್ಲಿ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಪೌಲ ಕಾಗದ ಬರೆದ ತಿಮೊಥಿ ನೀವೇ ಇರಬೇಕು."

ಅವನು ನಕ್ಕ. ಆ ನಗುವಿಗೆ ಬಾಗಿಲಲ್ಲಿ ನಿಂತಿದ್ದ ಇನ್ನೊಬ್ಬರು ದನಿ ಸೇರಿಸಿದರು. ಅವಳ ಅಣ್ಣ ದಾವಿದಪ್ಪ. ಕುತ್ತಿಗೆಯಲ್ಲಿ ಡೋಲಕ್ ತೂಗುಹಾಕಿಕೊಂಡು ಯಾವಾಗಿನಿಂದ ನಿಂತಿದ್ದನೋ.

*

ಆ ವರ್ಷದ ಮಳೆಗಾಲ ಅವಳ ಬದುಕಿನಲ್ಲಿ ಹಾರ್ಮೋನಿಯಂನ ದನಿಯಾಗಿ ಉಳಿದುಕೊಂಡಿತು.

ಶನಿವಾರ, ಬುಧವಾರ ಹಾಡಿನ ಅಭ್ಯಾಸ. ತಿಮೊಥಿ ನುಡಿಸುತ್ತಿದ್ದ, ದಾವಿದಪ್ಪ ಡೋಲಕ್ ಬಾರಿಸುತ್ತಿದ್ದ, ಆರು ಜನ ಹೆಂಗಸರು ಹಾಡುತ್ತಿದ್ದರು. ನವಮಣಿ ಎರಡನೇ ಸಾಲಿನಲ್ಲಿ, ಕಂಬದ ಪಕ್ಕ ನಿಲ್ಲುತ್ತಿದ್ದಳು. ಕಂಬದ ಈಚೆ ನಿಂತರೆ ಅವನ ಬೆರಳು ಕಾಣುತ್ತಿತ್ತು, ಆಚೆ ಸರಿದರೆ ಮುಖ. ಒಂದು ಹಾಡು ಮುಗಿಯುವುದರೊಳಗೆ ಅವಳು ಎರಡು ಕಡೆಯೂ ನಿಂತಿರುತ್ತಿದ್ದಳು.

"ಟೀಚರ್, ನೀವು ಒಂದು ಕಡೆ ನಿಂತ್ಕೊಂಡ್ರೆ ನನ್ನ ತಾಳ ತಪ್ಪಲ್ಲ," ಎಂದ ಒಂದು ದಿನ, ಎಲ್ಲರೂ ಹೊರಟ ಮೇಲೆ.

"ನಿಮ್ಮ ತಾಳ ತಪ್ಪಿದ್ದು ನಂಗೆ ಕೇಳಿಸಲಿಲ್ಲ."

"ನಿಮಗೆ ಕೇಳಿಸಬಾರದು ಅಂತ ಪೆಡಲ್ ಜೋರಾಗಿ ತುಳಿದೆ."

ಮೇಲೂರಿನ ಕಡೆಯಿಂದ ರೇಷ್ಮೆಗೂಡಿನ ಬುಟ್ಟಿಗಳನ್ನು ಹೊತ್ತ ಗಾಡಿಗಳು ಸಾಲಾಗಿ ಬರುತ್ತಿದ್ದ ರಸ್ತೆಯಲ್ಲಿ ಅವರಿಬ್ಬರೂ ನಡೆದು ಬರುತ್ತಿದ್ದರು. ನಡುವೆ ಒಂದು ಮಾರು ದೂರ. ಹತ್ತು ಹೆಜ್ಜೆ ಹಿಂದೆ ದಾವಿದಪ್ಪ. ತಂಗಿಯ ಮರ್ಯಾದೆಗೆ ಕಾವಲು ಎಂದು ಅವನು ಹೇಳಿಕೊಳ್ಳುತ್ತಿದ್ದ. ಆದರೆ ಆ ಹತ್ತು ಹೆಜ್ಜೆಯನ್ನು ಆಗಾಗ ಇಪ್ಪತ್ತಾಗಿಸುತ್ತಿದ್ದವನೂ ಅವನೇ.

ತಿಮೊಥಿ ತನ್ನ ಮನೆಯ ಕ್ರಿಸ್‌ಮಸ್ಸಿನ ಕಥೆ ಹೇಳುತ್ತಿದ್ದ. ಊಟವಾದ ಮೇಲೆ ಅಪ್ಪ ಪ್ರಾರ್ಥನೆ ಮಾಡುವುದು, ಅಮ್ಮ ಬೆರಳುದ್ದದ ಲೋಟಗಳನ್ನು ಒರೆಸಿ ಇಡುವುದು, ಜಾಡಿಯಿಂದ ಬಗ್ಗಿಸಿ ಎಲ್ಲರಿಗೂ ಒಂದೊಂದು. ಆಮೇಲೆ ಅಪ್ಪ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ಹಾಡು ಶುರು ಮಾಡುತ್ತಿದ್ದರಂತೆ.

"ಅಷ್ಟೇನಾ?"

"ಅಷ್ಟೇ. ಕೊಟ್ಟ ದೇವರಿಗೆ ವಂದನೆ ಹೇಳಿ ಕುಡಿಯೋದು, ಮತ್ತೆ ಬಟ್ಟೆ ಕಟ್ಟೋದು. ಕಾನಾ ಊರಿನ ಮದುವೇಲಿ ಸ್ವಾಮಿ ನೀರನ್ನ ದ್ರಾಕ್ಷಾರಸ ಮಾಡಿದ್ದು ಜನ ಸಂತೋಷವಾಗಿರಲಿ ಅಂತ ತಾನೆ? ಮೈಮರೆಯೋದು ಪಾಪ. ಲೋಟ ಪಾಪ ಅಲ್ಲ ಅಂತಾರೆ ಅಪ್ಪ."

"ಒಂದಕ್ಕೆ ನಿಲ್ಲೋದು ಹೇಗೆ?"

"ನೀವು ಹೋಳಿಗೆ ಎರಡು ತಿಂದು ಎಲೆ ಮಡಚಲ್ವಾ? ಹಾಗೇ."

ಅವಳು ಹಿಂತಿರುಗಿ ನೋಡಿದಳು. ದಾವಿದಪ್ಪ ದಾರಿಬದಿಯ ಹಿಪ್ಪುನೇರಳೆ ಸೊಪ್ಪಿನ ಒಂದು ಎಲೆ ಕಿತ್ತು, ತುಟಿಗಿಟ್ಟು ಪೀಪಿ ಊದುತ್ತಿದ್ದ.

"ನಮ್ಮಣ್ಣಂಗೆ ನಿಲ್ಲಲ್ಲ," ಎಂದಳು ಮೆಲ್ಲಗೆ.

ಆಮೇಲೆ ಅವನಿಗೆ ಎಲ್ಲ ಹೇಳಿದಳು. ದಾವಿದಪ್ಪ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಚರಕದ ಕೆಲಸಗಾರ. ಇಡೀ ದಿನ ಕುದಿನೀರಿನಲ್ಲಿ ಕೈಯಿಟ್ಟು ಬೆರಳುಗಳು ಬೆಳ್ಳಗೆ ಸುಕ್ಕಾಗಿದ್ದವು. ಆರು ವರ್ಷ ಕುಡಿದ. ಕಳ್ಳಭಟ್ಟಿಯನ್ನು ಹುಡುಕಿಕೊಂಡು ಚಿಂತಾಮಣಿವರೆಗೂ ಹೋಗುತ್ತಿದ್ದ. ಅತ್ತಿಗೆ ಮುನಿಶಾಮಮ್ಮ ಎರಡು ಸಲ ತವರಿಗೆ ಹೋಗಿ ಬಂದಿದ್ದಳು. ಚಿಕ್ಕಬಳ್ಳಾಪುರದ ಡಾಕ್ಟರು ಇನ್ನೊಮ್ಮೆ ಶುರು ಮಾಡಿದರೆ ಈ ಲಿವರ್ ತಡೆಯುವುದಿಲ್ಲ ಎಂದ ದಿನ ಅಪ್ಪ ಪ್ರತಿಜ್ಞೆಯ ಪುಸ್ತಕ ಶುರು ಮಾಡಿದರು. ಅದರ ಮೊದಲ ಸಹಿ ದಾವಿದಪ್ಪನದು. ಎರಡು ವರ್ಷ ನಾಲ್ಕು ತಿಂಗಳಾಗಿತ್ತು. ಹಿಂದಿನ ವರ್ಷ ಸರ್ಕಾರ ಪಾನನಿರೋಧ ಎತ್ತಿಹಾಕಿ, ಸಂತೆಬೀದಿಯಲ್ಲೇ ಸಾರಾಯಿ ಅಂಗಡಿ ತೆರೆದಾಗಲೂ ಅವನು ಆ ಬೀದಿ ಬಿಟ್ಟು ಸುತ್ತು ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದ.

ತಿಮೊಥಿ ಹಿಂದೆ ಬರುತ್ತಿದ್ದ ದಾವಿದಪ್ಪನ ಕಡೆ ತಿರುಗಿ ನೋಡಿದ.

"ಇನ್ನು ಮೇಲೆ ನಾನು ಜಾಡಿ ಕಥೆ ಹೇಳಲ್ಲ," ಎಂದ.

"ನಂಗೆ ಹೇಳಿ. ಅಣ್ಣನ ಮುಂದೆ ಬೇಡ."

ಆ ದಿನ ನಡುವಿನ ಒಂದು ಮಾರು ಅರ್ಧಕ್ಕಿಳಿಯಿತು. ಯಾರು ಸರಿದರೆಂದು ಇಬ್ಬರೂ ನೋಡಲು ಹೋಗಲಿಲ್ಲ.

*

ಅಕ್ಟೋಬರ್ ಮೊದಲ ವಾರ ತಿಮೊಥಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ದೇವಾಲಯದ ಹಿಂದಿನ ಮನೆಗೆ ಬಂದ. ನವಮಣಿ ಅಡುಗೆಮನೆಯಲ್ಲಿ ಅತ್ತಿಗೆಯ ಪಕ್ಕ ನಿಂತು, ಕುದಿಯುತ್ತಿದ್ದ ಕಾಫಿಯನ್ನು ಮತ್ತೆ ಮತ್ತೆ ಇಳಿಸಿ ಏರಿಸುತ್ತಿದ್ದಳು.

"ಅದು ಕಷಾಯ ಆಯ್ತು ಕಣಮ್ಮ," ಎಂದಳು ಮುನಿಶಾಮಮ್ಮ. "ಕೊಡು ಇತ್ಲಾಗೆ."

ಹೊರಗಿನ ಮಾತೆಲ್ಲ ಒಳಗೆ ಕೇಳಿಸುತ್ತಿತ್ತು. ತಿಮೊಥಿ ಕೇಳಬೇಕಾದ್ದನ್ನು ಎರಡೇ ಮಾತಿನಲ್ಲಿ ಕೇಳಿದ. ಬಯ್ಯಪ್ಪನವರು ಗೋಡೆಯ ಗೂಡಿನಿಂದ ಪ್ರತಿಜ್ಞೆಯ ಪುಸ್ತಕ ಇಳಿಸಿದ ಸದ್ದು.

"ಈ ಮನೆಗೆ ಬರೋರು ಇದಕ್ಕೆ ಸಹಿ ಹಾಕ್ಬೇಕಪ್ಪ. ಓದಿ."

ಮೂರು ಸಾಲು. ಮದ್ಯವನ್ನು ಮುಟ್ಟುವುದಿಲ್ಲ. ಇನ್ನೊಬ್ಬರಿಗೆ ಕೊಡುವುದಿಲ್ಲ. ಒಂದು ತೊಟ್ಟು ಕುಡಿದರೂ ಅದು ದೇವರ ಮುಂದೆ ಪಾಪವೆಂದು ನಂಬುತ್ತೇನೆ.

"ಅಯ್ಯನವರೇ, ಮೊದಲೆರಡು ಸಾಲಿಗೆ ಈಗಲೇ ಸಹಿ ಹಾಕ್ತೀನಿ. ಸಾಯೋವರೆಗೂ ಮುಟ್ಟಲ್ಲ. ಈ ಮನೇಲಿ ಅದರಿಂದ ನೊಂದವರಿದ್ದಾರೆ, ಅವರಿಗೋಸ್ಕರ ಬಿಡೋದು ನಂಗೇನೂ ಕಷ್ಟ ಅಲ್ಲ. ಮೂರನೇದು ಆಗಲ್ಲ."

"ಯಾಕಾಗಲ್ಲ?"

"ನಾನು ಹಾಗೆ ನಂಬಲ್ಲ. ನಮ್ಮಪ್ಪ ಪಾಪಿ ಅಂತ ಬರೆದು ಸಹಿ ಹಾಕ್ದಂಗೆ ಆಗುತ್ತೆ. ಸ್ವಾಮಿ ಮಾಡಿಕೊಟ್ಟದ್ದನ್ನ ಪಾಪ ಅಂತ ಹೇಳೋಕೆ ನಂಗೆ ಬಾಯಿ ಬರಲ್ಲ."

"ಸಹಿ ತಾನೆ ಅಂತ ಹಾಕೋರು ಬೇಕಾದಷ್ಟು ಜನ ಇದ್ದಾರೆ."

"ಅಂಥೋನು ನಿಮಗೆ ಅಳಿಯ ಆಗ್ಬೇಕಾ?"

ಬಯ್ಯಪ್ಪನವರು ಪುಸ್ತಕ ಮುಚ್ಚಿದರು. ಕಾಫಿ ಮುಟ್ಟದೆ ತಿಮೊಥಿ ಎದ್ದ. ಹೋಗುವಾಗ ಅಡುಗೆಮನೆಯ ಬಾಗಿಲ ಕಡೆ ಒಂದು ಸಲ ನೋಡಿದ. ಆ ನೋಟದಲ್ಲಿ ಕ್ಷಮಿಸು ಎನ್ನುವುದಿತ್ತು, ಆದರೆ ಬದಲಾಗುತ್ತೇನೆ ಎನ್ನುವುದು ಇರಲಿಲ್ಲ. ನವಮಣಿ ಅವನನ್ನು ಅಷ್ಟು ಪ್ರೀತಿಸಿದ್ದು ಆ ಕ್ಷಣದಲ್ಲೇ.

ಇಪ್ಪತ್ತನಾಲ್ಕು ವರ್ಷದಲ್ಲಿ ಅವಳು ಅಪ್ಪನಿಗೆ ಎದುರಾಡಿದವಳಲ್ಲ. ಅಂದು ಆಡಿದಳು. ದೀಪ ಹಚ್ಚುವ ಹೊತ್ತು, ಬಯ್ಯಪ್ಪನವರು ಕನ್ನಡಕ ಒರೆಸುತ್ತಾ ಕೂತಿದ್ದರು.

"ಅಪ್ಪ, ಒಂದು ಲೋಟ ಕುಡಿದೋನು ಪಾಪಿ ಅಂತ ಸತ್ಯವೇದದಲ್ಲಿ ಎಲ್ಲಿದೆ ತೋರಿಸಿ."

"ಮದ್ಯ ಮನುಷ್ಯನ್ನ ಹೇಗೆ ಕಚ್ಚುತ್ತೆ ಅಂತ ಇದೆ."

"ಅದು ಅಮಲೇರಿದವರ ಮಾತು. ಮಿತಿ ಮೀರಬೇಡ ಅಂತ ಇದೆ, ಮುಟ್ಟಬೇಡ ಅಂತ ಎಲ್ಲಿದೆ? ನಮ್ಮ ಸ್ವಾಮಿಯನ್ನೇ ಕುಡುಕ ಅಂತ ಜನ ಅಂದರಲ್ಲ. ಅವರು ಬರೀ ನೀರು ಕುಡಿದಿದ್ರೆ ಹಾಗಂತಿದ್ರಾ? ದೇವರು ಹಾಕದೇ ಇರೋ ಬೇಲಿ ನೀವು ಹಾಕಿ, ಅದರಾಚೆ ನಿಂತೋರನ್ನೆಲ್ಲ ಪಾಪಿ ಅಂದ್ರೆ ಹೇಗೆ? ಒಂದು ಲೋಟ ಕುಡಿದು ವಂದನೆ ಹೇಳಿ ಎದ್ದು ಹೋಗೋ ಮನುಷ್ಯನಲ್ಲಿ ಪಾಪ ಇಲ್ಲ ಅಪ್ಪ. ನಂಗೆ ಇವತ್ತೂ ಗೊತ್ತು, ನಾಳೆನೂ ಗೊತ್ತು."

ಅವಳು ಮಾತಾಡುತ್ತಿದ್ದದ್ದು ಅಪ್ಪನ ಜೊತೆ. ಜಗುಲಿಯ ಮೇಲೆ ದಾವಿದಪ್ಪ ಡೋಲಕ್ಕಿನ ಹಗ್ಗ ಬಿಗಿಯುತ್ತಾ ಕೂತಿದ್ದ. ಹಗ್ಗದ ಸದ್ದು ನಿಂತದ್ದನ್ನು ಅವಳು ಗಮನಿಸಲಿಲ್ಲ.

ಬೆಳಿಗ್ಗೆ ಬಯ್ಯಪ್ಪನವರು ಪುಸ್ತಕ ಬಿಚ್ಚಿಟ್ಟುಕೊಂಡು ಮಗಳನ್ನು ಕರೆದರು. ಮೂರನೇ ಸಾಲಿನ ಮೇಲೆ ಸ್ಕೇಲು ಇಟ್ಟು ಗೆರೆ ಎಳೆದಿದ್ದರು.

"ತೋರ್ಸು ಅಂದೆಯಲ್ಲ, ಹುಡುಕಿದೆ," ಎಂದರು. "ಸಿಗಲಿಲ್ಲ. ನನ್ನ ಭಯಾನ ದೇವರ ಮಾತು ಅಂತ ಬರೆದುಬಿಟ್ಟಿದ್ದೆ. ಅವರನ್ನ ಬರಹೇಳಮ್ಮ."

ನವಮಣಿ ಜಗುಲಿಗೆ ಓಡಿ ಬಂದಾಗ ಎದುರಿಗೆ ಸಿಕ್ಕವನು ದಾವಿದಪ್ಪ. ಅವನ ಬಿಳಿಚಿದ ಅಂಗೈ ಅವಳ ತಲೆಯ ಮೇಲೆ ಬಂತು.

"ಗೆದ್ದೆ ಕಣಮ್ಮ ನೀನು," ಎಂದ.

*

ನಿಶ್ಚಿತಾರ್ಥ ನವೆಂಬರ್ ಮೂರನೇ ತಾರೀಖು, ಭಾನುವಾರದ ಆರಾಧನೆ ಮುಗಿದ ಮೇಲೆ. ತಿಳಿಹಸಿರು ರೇಷ್ಮೆ ಸೀರೆ. ತಿಮೊಥಿಯ ಅಪ್ಪ ಅಮ್ಮ ಬೆಂಗಳೂರಿನಿಂದ ಸಣ್ಣ ರೈಲಿನಲ್ಲಿ ಬಂದಿಳಿದರು. ಆ ಮುದುಕರು ಜಾಡಿಯ ಮಾತೇ ಎತ್ತದೆ, ಬಯ್ಯಪ್ಪನವರ ಪಕ್ಕ ಕೂತು ತೊಗರಿಯ ಬೆಲೆ, ಮೊಣಕಾಲಿನ ನೋವು ಮಾತಾಡಿದರು. ಫೆಬ್ರವರಿಯಲ್ಲಿ ಮದುವೆ ಎಂದಾಯಿತು.

ತಿಮೊಥಿ ಉಂಗುರ ತೊಡಿಸುವಾಗ ಅವಳ ಬೆರಳು ಒಂದು ಕ್ಷಣ ಹೆಚ್ಚಾಗಿ ಅವನ ಕೈಯಲ್ಲಿ ಉಳಿಯಿತು.

"ಬಿಡಿ, ಎಲ್ಲ ನೋಡ್ತಿದ್ದಾರೆ," ಎಂದಳು ತುಟಿ ಅಲ್ಲಾಡಿಸದೆ.

"ಉಂಗುರ ಸರಿಯಾಗಿ ಕೂತಿದೆಯಾ ಅಂತ ನೋಡ್ತಿದ್ದೀನಿ."

"ಅದು ಆಗಲೇ ಕೂತಿದೆ."

"ನಾನಿನ್ನೂ ನೋಡ್ತಿದ್ದೀನಿ."

ಊಟದ ಹೊತ್ತಿಗೆ ದಾವಿದಪ್ಪ ಕಾಣಲಿಲ್ಲ. ಮಧ್ಯಾಹ್ನ ಎರಡರ ಸುಮಾರಿಗೆ ಹಿತ್ತಲ ಬಾಗಿಲಿನಿಂದ ಬಂದ. ತಲೆ ಬಾಚಿದ್ದ, ಅಂಗಿ ಶುಭ್ರವಾಗಿತ್ತು, ಹೆಜ್ಜೆ ನೇರವಾಗಿತ್ತು. ಹತ್ತಿರ ಬಂದಾಗ ಮಾತ್ರ ಆ ವಾಸನೆ. ಎರಡೂವರೆ ವರ್ಷದಿಂದ ಮನೆಯಲ್ಲಿ ಇರದಿದ್ದದ್ದು.

ನವಮಣಿ ಎಲೆ ಅಡಿಕೆ ತಟ್ಟೆ ಹಿಡಿದುಕೊಂಡೇ ಅವನ ದಾರಿಗೆ ಅಡ್ಡ ನಿಂತಳು.

"ಒಂದೇ ಕಣಮ್ಮ," ಎಂದ ಅವನು, ಮಗುವಿನ ಹಾಗೆ ಬೆರಳೆತ್ತಿ. "ಒಂದೇ ಲೋಟ. ವಂದನೆ ಹೇಳಿ ಕುಡಿದೆ, ಎದ್ದು ಬಂದೆ. ನೀನು ಅಪ್ಪಂಗೆ ಹೇಳಿದೆಯಲ್ಲ, ಹಾಗೇ."

"ಅಣ್ಣ, ಅದು ನಿನಗೆ ಹೇಳಿದ್ದಲ್ಲ."

"ಪಾಪ ಅಲ್ಲ ಅಂದ್ರೆ ಎಲ್ಲರಿಗೂ ಅಲ್ಲ ತಾನೆ? ಇವತ್ತು ನಿನ್ನ ನಿಶ್ಚಿತಾರ್ಥ. ನಂಗೂ ಸಂತೋಷ ಇರಬಾರದಾ?"

ಒಳಗೆ ತಿಮೊಥಿ ಹಾರ್ಮೋನಿಯಂ ಶುರು ಮಾಡಿದ್ದ. ಹೆಂಗಸರು ಅವಳನ್ನು ಕೂಗುತ್ತಿದ್ದರು. ಅವಳು ತಟ್ಟೆಯಿಂದ ಒಂದು ಹಿಡಿ ಏಲಕ್ಕಿ ತೆಗೆದು ಅಣ್ಣನ ಕೈಗೆ ಸುರಿದಳು.

"ಬಾಯಿಗೆ ಹಾಕ್ಕೋ. ಇದೇ ಕೊನೆ ಅಂತ ಆಣೆ ಮಾಡು."

ಅವನು ಆಣೆ ಮಾಡಿದ. ಅವಳು ಯಾರಿಗೂ ಹೇಳಲಿಲ್ಲ. ಆ ದಿನವನ್ನು ಕೆಡಿಸುವ ಮನಸ್ಸು ಅವಳಿಗೆ ಬರಲಿಲ್ಲ. ಆಮೇಲಿನ ದಿನಗಳನ್ನೂ ಕೆಡಿಸುವ ಮನಸ್ಸು ಬರಲಿಲ್ಲ.

ಮುಂದಿನ ಶನಿವಾರ ಮತ್ತೆ ಒಂದು ಲೋಟ. ಅದರ ಮುಂದಿನ ಶನಿವಾರವೂ ಒಂದೇ. ದಾವಿದಪ್ಪ ಹಿತ್ತಲಲ್ಲಿ ಅವಳಿಗೆ ಗುಟ್ಟಾಗಿ ಲೆಕ್ಕ ಒಪ್ಪಿಸುತ್ತಿದ್ದ. ಅವನ ಮುಖದಲ್ಲಿ ಬಹಳ ವರ್ಷದಿಂದ ಇಲ್ಲದ ಹೆಮ್ಮೆ.

"ನೋಡು, ನಾನೂ ತಿಮೊಥಿ ಥರ ಆದೆ. ನಂಗೂ ಬಟ್ಟೆ ಕಟ್ಟಕ್ಕೆ ಬರುತ್ತೆ."

ಜಾಡಿಯ ಕಥೆ ಅವನಿಗೆ ತಿಳಿದಿತ್ತು. ಹತ್ತು ಹೆಜ್ಜೆ ಹಿಂದೆ ನಡೆಯುತ್ತಿದ್ದವನ ಕಿವಿಗೆ ಎಲ್ಲ ಬಿದ್ದಿತ್ತು. ನವಮಣಿ ಅರ್ಧ ನಂಬಿದಳು. ನಂಬಿದರೆ ಎಲ್ಲರೂ ಸುಖವಾಗಿರುತ್ತಿದ್ದರಲ್ಲ, ಅದಕ್ಕೆ ನಂಬಿದಳು.

ಒಂದು ಸಂಜೆ ರೈಲು ಹಳಿಯ ಪಕ್ಕ ನಡೆಯುತ್ತಾ ತಿಮೊಥಿಯನ್ನು ಕೇಳಿದಳು. "ನಿಲ್ಲಿಸಕ್ಕಾಗದೇ ಇದ್ದೋರು ಆಮೇಲೆ ಒಂದಕ್ಕೆ ನಿಲ್ಲಿಸೋದು ಕಲೀಬಹುದಾ?"

ಅವನು ನಿಂತುಬಿಟ್ಟ.

"ಇಲ್ಲ. ಅಂಥೋರು ಮುಟ್ಟಲೇಬಾರದು ನವಮಣಿ. ನನಗೆ ಆಗೋದು ಅವರಿಗೆ ಆಗಲ್ಲ, ಅದು ಅವರ ತಪ್ಪಲ್ಲ. ಯಾಕೆ ಕೇಳ್ತಿದ್ದೀರಿ? ಯಾರು?"

ಸಂಜೆಗೆಂಪು ಅವನ ಮುಖದ ಮೇಲಿತ್ತು. ಕಾಳಜಿಯಿಂದ ಹುಬ್ಬು ಕೂಡಿತ್ತು. ಹೇಳಿದರೆ ಆ ಮುಖ ಈಗಲೇ ನಗುವುದು ಬಿಡುತ್ತದೆ, ಮದುವೆ ಮುಂದೆ ಹೋಗುತ್ತದೆ, ಅಪ್ಪ ಮತ್ತೆ ಪುಸ್ತಕ ತೆರೆಯುತ್ತಾರೆ.

"ಯಾರೂ ಇಲ್ಲ," ಎಂದಳು. "ಸುಮ್ಮನೆ."

*

ಡಿಸೆಂಬರ್ ಮೊದಲ ವಾರ ದಾವಿದಪ್ಪ ಮೂರು ದಿನ ಮನೆಗೆ ಬರಲಿಲ್ಲ. ನಾಲ್ಕನೆಯ ದಿನ ಹೊಂಗೆ ತೋಪಿನ ಹತ್ತಿರ ಬಿದ್ದಿದ್ದವನನ್ನು ಗೂಡಿನ ಗಾಡಿಯವರು ಎತ್ತಿ ತಂದರು. ಅಂಗಿಯ ಎದೆಯ ಮೇಲೆ ರಕ್ತದ ವಾಂತಿ. ತಿಮೊಥಿ ಇಲಾಖೆಯ ಜೀಪು ಕೇಳಿ ತಂದ. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ದಾವಿದಪ್ಪ ಎರಡು ದಿನ ಇದ್ದ.

ಎರಡನೆಯ ದಿನ ಮಧ್ಯಾಹ್ನ ಸ್ವಲ್ಪ ತಿಳಿವು ಬಂತು. ಮುನಿಶಾಮಮ್ಮ ನೀರು ತರಲು ಹೋಗಿದ್ದಳು. ನವಮಣಿ ಮಂಚದ ಪಕ್ಕ ಕೂತಿದ್ದಳು.

"ನಾಲ್ಕು ವಾರ ಒಂದಕ್ಕೇ ನಿಲ್ಲಿಸಿದ್ದೆ," ಎಂದ. ಬಿಳಿಯ ಭಾಗವೆಲ್ಲ ಹಳದಿಯಾದ ಕಣ್ಣು. "ನೀನು ನೋಡಿದ್ದೆಯಲ್ಲ."

"ಹೂಂ ಅಣ್ಣ. ನೋಡಿದ್ದೆ."

"ಅಪ್ಪಂಗೆ ಹೇಳ್ಬೇಡ. ನೀನು ಅಂದದ್ದಕ್ಕೆ ಅಂತ ಹೇಳ್ಬೇಡ. ನಿನ್ನ ಮದುವೆ ನಿಂತೋಗುತ್ತೆ."

ಸಂಜೆ ಐದಕ್ಕೆ ತೀರಿಕೊಂಡ. ಮೂವತ್ತೊಂದು ವರ್ಷ.

ಆ ಕ್ರಿಸ್‌ಮಸ್ಸಿಗೆ ಹಾರ್ಮೋನಿಯಂ ಹಾಡಿತು. ಡೋಲಕ್ ಇರಲಿಲ್ಲ. ನವಮಣಿ ಕಂಬದ ಪಕ್ಕ ನಿಂತಿದ್ದಳು, ಬಾಯಿ ತೆರೆಯುತ್ತಿದ್ದಳು, ದನಿ ಬರುತ್ತಿರಲಿಲ್ಲ.

ಜನವರಿಯಲ್ಲಿ ಬಯ್ಯಪ್ಪನವರೇ ಮಾತೆತ್ತಿದರು. "ಮದುವೆ ನಿಲ್ಲೋದು ಬೇಡಮ್ಮ. ಆ ಹುಡುಗ ಒಳ್ಳೆಯೋನು. ನಿಮ್ಮಣ್ಣನೂ ಅದನ್ನೇ ಬಯಸ್ತಿದ್ದ."

ಅವಳು ಅಪ್ಪನ ಮುಂದೆ ನೆಲದ ಮೇಲೆ ಕೂತಳು. ಅತ್ತಿಗೆಯನ್ನೂ ಕರೆದಳು. ಅಂದು ಸಂಜೆ ಜಗುಲಿಯಲ್ಲಿ ಹಗ್ಗ ಬಿಗಿಯುತ್ತಿದ್ದವನಿಗೆ ತನ್ನ ಮಾತು ಕೇಳಿಸಿದ್ದು, ನಿಶ್ಚಿತಾರ್ಥದ ದಿನದ ಏಲಕ್ಕಿ, ನಾಲ್ಕು ಶನಿವಾರಗಳು, ತಾನು ಮುಚ್ಚಿಟ್ಟದ್ದು. ಒಂದನ್ನೂ ಬಿಡದೆ ಹೇಳಿದಳು.

ಬಯ್ಯಪ್ಪನವರು ಬೈಯಲಿಲ್ಲ. ಗೋಡೆ ನೋಡುತ್ತಾ, "ಗೆರೆ ಎಳೆದ ಕೈ ನನ್ನದು," ಎಂದರು. ಅಷ್ಟೇ ಎಂದರು. ಆಮೇಲೆ ಎದ್ದು ಹೋಗಿ ದೇವಾಲಯದ ಮೆಟ್ಟಿಲ ಮೇಲೆ ಕೂತರು.

ಮುನಿಶಾಮಮ್ಮ ಅಲುಗದೆ ಕೂತಿದ್ದಳು. ಅವಳ ಮಾತು ಚಿಂತಾಮಣಿ ಕಡೆಯದು, ದುಃಖ ಬಂದಾಗ ತೆಲುಗು ಬೆರೆಯುತ್ತಿತ್ತು.

"ನಿನ್ನ ಮಾತು ಕೇಳಿ ಕುಡಿದ್ರೋ, ಕುಡಿಯೋಕೆ ಒಂದು ಮಾತು ಹುಡುಕ್ಕೊಂಡ್ರೋ, ನಂಗೇನ್ ತಿಳೀತದಮ್ಮ. ನೀನು ಕೆಟ್ಟದ್ದು ಅಂದ್ಕೊಂಡು ಅನ್ನಲಿಲ್ಲ. ಅಯಿನಾ, ಆದ್ರೂ ನಂಗೆ ಒಂದ್ ದಿನ, ಒಂದೇ ಒಂದ್ ದಿನ ಹೇಳಿದ್ರೆ ನಾನು ಅವರ ಕಾಲು ಹಿಡ್ಕೊಂಡು ಬಿದ್ದಿರ್ತಿದ್ದೆ. ಮುಂಚೆ ಹಂಗೇ ಬಿಡಿಸಿದ್ದು." ಅವಳು ಸೆರಗು ಬಾಯಿಗೊತ್ತಿಕೊಂಡಳು. "ಆಯಪ್ಪ ಈ ಮನೆ ಅಳಿಯ ಆಗಿ, ಹಬ್ಬಕ್ಕೆ ಬಂದು ಆ ಪೆಟ್ಟಿಗೆ ಮುಂದೆ ಕೂತ್ಕೊಂಡ್ರೆ ನಾನ್ ಎಲ್ಲಿಗೆ ಹೋಗ್ಲಿ? ನಂಗೆ ಬೇರೆ ಮನೆ ಇಲ್ಲ ನವಮಣಿ."

*

ತಿಮೊಥಿಗೆ ದೇವಾಲಯದಲ್ಲೇ ಹೇಳಿದಳು, ಖಾಲಿ ಬೆಂಚುಗಳ ನಡುವೆ. ಅವನು ಹಾರ್ಮೋನಿಯಂನ ಮುಚ್ಚಳದ ಮೇಲೆ ಎರಡೂ ಕೈಯಿಟ್ಟು ಕೇಳಿದ.

"ನೀವು ಕೇಳಿದ್ರಿ, ಯಾರು ಅಂತ. ಯಾರೂ ಇಲ್ಲ ಅಂದೆ."

"ಹೌದು."

"ಆವತ್ತೇ ಹೇಳಿದ್ರೆ ನೀವು ಏನು ಮಾಡ್ತಿದ್ರಿ?"

ಅವನು ಸುಳ್ಳು ಹೇಳಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಅವತ್ತೇ ಮನೆಗೆ ಓಡಿ ಬರ್ತಿದ್ದೆ."

ಕಿಟಕಿಯಿಂದ ಬಿಸಿಲು ನೆಲದ ಮೇಲೆ ಚೌಕವಾಗಿ ಬಿದ್ದಿತ್ತು. ಹೊರಗೆ ಯಾರೋ ಎಮ್ಮೆ ಹೊಡೆದುಕೊಂಡು ಹೋದರು.

"ನಾನು ಅಪ್ಪಂಗೆ ಹೇಳಿದ್ದು ತಪ್ಪಾ?" ಎಂದಳು.

"ತಪ್ಪಲ್ಲ. ಇವತ್ತು ಕೇಳಿದ್ರೂ ನಾನು ಅದನ್ನೇ ಹೇಳ್ತೀನಿ. ಆದ್ರೆ ಆ ಮಾತಿನ ಪಕ್ಕದಲ್ಲಿ ಯಾರು ಕೂತಿದ್ದಾರೆ ಅಂತ ನೋಡ್ಕೊಂಡು ಆಡಬೇಕಿತ್ತು. ನೀವೊಬ್ಬರೇ ಅಲ್ಲ, ನಾನೂ. ರಸ್ತೆ ಉದ್ದಕ್ಕೂ ಆಡ್ಕೊಂಡು ಬಂದೋನು ನಾನು." ಅವನು ತಲೆಯೆತ್ತಿದ. "ನವಮಣಿ, ಇಬ್ಬರೂ ಸೇರಿ ಹೊರೋಕೆ ಆಗಲ್ವಾ ಇದನ್ನ? ಈ ಊರು ಬಿಡೋಣ. ಕೊಳ್ಳೇಗಾಲಕ್ಕೆ ವರ್ಗ ಕೇಳ್ತೀನಿ. ಜೊತೆಗೆ ಬನ್ನಿ."

ಅವಳು ಉಂಗುರ ತಿರುಗಿಸುತ್ತಿದ್ದಳು. ಮೈ ಸಣ್ಣಗಾಗಿ ಅದು ಸಡಿಲವಾಗಿತ್ತು. ಬರುತ್ತೇನೆ ಎಂದುಬಿಡಬೇಕೆನಿಸಿತು. ಅವನ ಕೈಹಿಡಿದು ನಡೆಯುವ ಊರು, ಅವನ ಅಂಗಿಗೆ ಗುಂಡಿ ಹೊಲಿಯುವ ಬೆಳಗು, ಅವನು ತಾಳ ತಪ್ಪಿಸಿ ನಗುವ ಸಂಜೆ, ಎಲ್ಲ ಒಂದು ರೈಲಿನ ದೂರದಲ್ಲಿತ್ತು.

"ಅತ್ತಿಗೆ ಬೆಳಗಿನ ಜಾವ ಎದ್ದು ಚರಕಕ್ಕೆ ಹೋಗ್ತಿದ್ದಾರೆ. ಅಣ್ಣ ಕೂರ್ತಿದ್ದ ಜಾಗದಲ್ಲೇ," ಎಂದಳು. "ಅವರನ್ನ, ಅಪ್ಪನ್ನ ಬಿಟ್ಟು ನಾನು ನಿಮ್ಮ ಜೊತೆ ಸುಖವಾಗಿದ್ರೆ, ಆ ಸುಖ ಎಲ್ಲಿಂದ ಬಂತು ಅಂತ ದಿನಾ ನಂಗೆ ಗೊತ್ತಿರುತ್ತೆ. ನಿಮ್ಮ ಮುಖ ನೋಡ್ದಾಗೆಲ್ಲ ಗೊತ್ತಾಗುತ್ತೆ. ನಿಮ್ಮ ಮುಖ ನಂಗೆ ಹಾಗೆ ಆಗೋದು ಬೇಡ."

ಅವನು ವಾದ ಮಾಡಲಿಲ್ಲ. ಮಾಡಿದ್ದರೆ ಗೆಲ್ಲುತ್ತಿದ್ದ. ಇಬ್ಬರಿಗೂ ಅದು ಗೊತ್ತಿತ್ತು.

*

ಫೆಬ್ರವರಿ ಎರಡನೆಯ ವಾರ, ಮದುವೆಗೆಂದು ಗೊತ್ತುಮಾಡಿದ್ದ ದಿನಕ್ಕೆ ನಾಲ್ಕು ದಿನ ಮೊದಲು, ಅವನಿಗೆ ವರ್ಗವಾಯಿತು. ಶಿಡ್ಲಘಟ್ಟದ ಸಣ್ಣ ಸ್ಟೇಷನ್ನಿನಲ್ಲಿ ಬೆಳಗಿನ ಗಾಡಿಗೆ ಏಳೆಂಟು ಜನ. ನವಮಣಿ ಸ್ಕೂಲಿಗೆ ಹೊರಟವಳು ಹಾಗೇ ಬಂದಿದ್ದಳು. ಹೆಗಲಲ್ಲಿ ಮಕ್ಕಳ ಕಾಪಿ ಪುಸ್ತಕಗಳ ಚೀಲವಿತ್ತು.

ಉಂಗುರವನ್ನು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದಳು. ಕೊಡಲು ಕೈ ಚಾಚಿದಾಗ ಅವನು ಕರವಸ್ತ್ರವನ್ನೂ ಅವಳ ಬೆರಳುಗಳನ್ನೂ ಒಟ್ಟಿಗೇ ಹಿಡಿದ. ಈ ಸಲ ಬಿಡಿ ಎಂದು ಅವಳು ಹೇಳಲಿಲ್ಲ.

"ಒಂದು ಕೇಳ್ತೀನಿ," ಎಂದ. "ನನ್ನ ಮೇಲೆ ಕೋಪ ಇದೆಯಾ?"

"ಇದ್ದಿದ್ರೆ ಸುಲಭವಾಗ್ತಿತ್ತು."

ಇಂಜಿನ್ನು ಹೊಗೆ ಬಿಟ್ಟಿತು. ಹೊಗೆ ಇಬ್ಬರ ನಡುವೆ ಹಾದು ಹೋಗುವಾಗ ಅವಳು ಕಣ್ಣು ಮುಚ್ಚಲಿಲ್ಲ, ಉರಿದರೂ. ಅವನ ಮುಖದ ಒಂದು ಕ್ಷಣವನ್ನೂ ಹೊಗೆಗೆ ಬಿಟ್ಟುಕೊಡಲು ಮನಸ್ಸಿರಲಿಲ್ಲ. ಎಡಹುಬ್ಬಿನ ತುದಿಯಲ್ಲಿ ಒಂದು ಸಣ್ಣ ಗಾಯದ ಗುರುತಿತ್ತು. ಇಷ್ಟು ದಿನ ಅದನ್ನು ಕಂಡೇ ಇರಲಿಲ್ಲ. ಅದು ಹೇಗಾಯಿತು ಎಂದು ಕೇಳಲು ಇನ್ನು ಸಮಯವಿರಲಿಲ್ಲ.

ಅವನು ಹತ್ತಿ ಕಿಟಕಿಯ ಬಳಿ ಕೂತ.

"ಕಾಗದ ಬರೀಲಾ?" ಎಂದ. "ಏನೂ ಕೇಳಲ್ಲ. ಹೇಗಿದ್ದೀರಿ ಅಂತ ಅಷ್ಟೇ."

ಗಾಡಿ ಜಗ್ಗಿತು. ಅವಳು ಕಿಟಕಿಯ ಕಂಬಿ ಹಿಡಿದು ನಾಲ್ಕು ಹೆಜ್ಜೆ ಜೊತೆಗೆ ನಡೆದಳು.

"ಬರೀಬೇಡಿ," ಎಂದಳು. "ಬರೆದ್ರೆ ನಾನು ಬಂದ್ಬಿಡ್ತೀನಿ."

ಅವನು ತಲೆಯಾಡಿಸಿದ. ಆಗಲಿ ಎಂದ. ಆ ಒಂದು ಪದ ಗಾಡಿಯ ಸದ್ದಿನಲ್ಲೂ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

ಆಮೇಲೆ ಅವಳು ಸ್ಕೂಲಿಗೆ ಹೋಗಿ ಹಾಜರಿ ಕೂಗಿದಳು. ಸಂಜೆ ಮನೆಗೆ ಬಂದು ಅತ್ತಿಗೆಯ ಬೆಂದ ಕೈಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ಮುನಿಶಾಮಮ್ಮ ಕೈ ಕೊಟ್ಟಳು, ಮಾತು ಕೊಡಲಿಲ್ಲ. ಹಾಗೆಯೇ ವರ್ಷಗಳು ಹೋದವು.

ಪೋಸ್ಟಿನವನು ದಿನಾ ಹನ್ನೊಂದು ಗಂಟೆಗೆ ಸ್ಕೂಲಿನ ಮುಂದೆ ಸೈಕಲ್ ನಿಲ್ಲಿಸುತ್ತಿದ್ದ. ಆ ಗಂಟೆಗೆ ನವಮಣಿ ಟೀಚರು ಬೋರ್ಡಿನ ಕಡೆ ತಿರುಗಿ ಏನಾದರೂ ಬರೆಯುತ್ತಿದ್ದಳು, ಮಕ್ಕಳಿಗೆ ಮುಖ ಕಾಣದ ಹಾಗೆ. ಸೈಕಲ್ಲಿನ ಬೆಲ್ಲು ದೂರವಾದ ಮೇಲೆ ತಿರುಗುತ್ತಿದ್ದಳು.

ಒಂದೇ ಒಂದು ಕಾಗದ ಬಂದಿದ್ದರೂ ಸಾಕಿತ್ತು. ಅವಳು ಹೋಗಿಬಿಡುತ್ತಿದ್ದಳು. ಆದರೆ ತಿಮೊಥಿ ಆಗಲಿ ಎಂದಿದ್ದ, ಮತ್ತು ಅವನು ಕೊಟ್ಟ ಮಾತಿಗೆ ತಪ್ಪುವ ಮನುಷ್ಯನಾಗಿರಲಿಲ್ಲ.